ಪರದೆಯ ಚೀಲ

ಡ್ಯಾರೆಲ್,

ಈ ಪತ್ರವನ್ನು ನಿನಗೆ ಕಳಿಸುವುದಿಲ್ಲ. ಆದರೂ ವರದಿ ಒಪ್ಪಿಸುತ್ತೇನೆ: ಇವತ್ತು ಅಂಗಡಿಯ ಡಬ್ಬಿಯಲ್ಲಿ ಸಿಗುವ ಸಿದ್ಧ ಬಾರ್ಲಿ ಪಾಕ ಬಿಟ್ಟು, ಕಾಳಿನಿಂದಲೇ ಮನೆಯಲ್ಲಿ ಬಿಯರಿಗೆ ಇಟ್ಟೆ.

"ನಿನ್ನ ಕೈಲಿ ಆಗಲ್ಲ ಕಣೇ, ನೀನು ಡಬ್ಬಿಗೇ ಸರಿ," ಎಂದು ಗೆಳೆಯರ ಮುಂದೆಲ್ಲ ನಗುತ್ತಿದ್ದೆಯಲ್ಲ. ಕಾಳಿನ ಕೆಲಸಕ್ಕೆ ಮೂರು ಪಾತ್ರೆ ಬೇಕೆಂದೂ ನೀನೇ ಹೇಳುತ್ತಿದ್ದೆ. ಮನೆ ಬಿಟ್ಟು ಹೋಗುವಾಗ ನೀನು ಎರಡನ್ನು ಒಯ್ದೆ. ಉಳಿದ ಒಂದರಲ್ಲೇ ಆಯಿತು. ನಮ್ಮ ಮಲಗುವ ಕೋಣೆಯ ತೆಳು ಪರದೆ ಹರಿದು ಚೀಲ ಹೊಲಿದೆ; ನುಚ್ಚು ಮಾಡಿದ ಮೊಳಕೆ ಬಾರ್ಲಿಯನ್ನು ಅದರಲ್ಲಿ ತುಂಬಿ ಬಿಸಿನೀರಿನಲ್ಲಿ ನೆನೆಸಿದೆ.

ಎತ್ತುವಾಗ ಮಾತ್ರ ಚೀಲ ಹೆಣಭಾರ. ಪಕ್ಕದ ಮನೆಯ ಲೋರ್ನಾ ಗ್ಯಾರೇಜಿನೊಳಗೆ ಇಣುಕಿದಳು.

"ಅಯ್ಯೋ, ಒಬ್ಬಳೇ ಸೊಂಟ ಮುರ್ಕೋತೀಯಾ? ಇದಕ್ಕೆ ಇಬ್ರು ಬೇಕು ಕಣೇ."

"ಯಾರೂ ಬೇಡ, ಕೊಕ್ಕೆ ಇದೆ," ಅಂದೆ.

ಹಗ್ಗ ಕಟ್ಟಿ, ಮಾಡಿನ ಕೊಕ್ಕೆಯ ಮೇಲೆ ಹಾಯಿಸಿ ಎಳೆದೆ. ಚೀಲ ಮೇಲೇರಿ ನಿಂತಿತು. ಸಿಹಿ ರಸ ಪಾತ್ರೆಗೆ ತೊಟ್ಟಿಕ್ಕತೊಡಗಿತು.

"ಕೊಕ್ಕೆ ಎಷ್ಟು ಗಟ್ಟಿ ಇದೆ! ಯಾರು ಹಾಕಿದ್ದೇ ಇದನ್ನ?"

ನಿನ್ನ ದೋಣಿಯನ್ನು ತೂಗುಹಾಕಲೆಂದು ನೀನೇ ಹಾಕಿದ ಕೊಕ್ಕೆ ಅದು. ಆವತ್ತು ಕೆಳಗೆ ಏಣಿ ಹಿಡಿದು ನಿಂತಿದ್ದವಳು ನಾನು.

"ಮನೆ ತಗೊಂಡಾಗಲೇ ಇತ್ತು," ಅಂದೆ.