ನಳ ಬರುವ ದಿನ ತಪ್ಪಿ ಬರೆದೆ, ಕಾಕಾ

ಮೈಬೂ ಕಾಕಾ,

ಸುದ್ದಿ ಇಲ್ಲದೆ ಸುಮ್ಮನೆ ಕೂರುವ ಜಾಯಮಾನ ನಿನ್ನದಲ್ಲ. ಅಲ್ಲಿ ಎಷ್ಟು ಚಡಪಡಿಸುತ್ತಿದ್ದೀಯೋ ಏನೋ, ಅದಕ್ಕೇ ಈ ಪತ್ರ. ನೀನು ಈ ಲೋಕ ಬಿಟ್ಟು ಹೋದ ಮೇಲೆ ನಿನ್ನ ಸವಿತಾ ಒಂದು ಪತ್ರಿಕೆಯ ಸಂಪಾದಕಿ ಆಗಿದ್ದಾಳೆ. ನಗಬೇಡ. ಕಾಗದವಿಲ್ಲ, ಮಸಿಯಿಲ್ಲ, ಮೊಬೈಲಿನಲ್ಲೇ ಓದುವ ಪತ್ರಿಕೆ. ಹೆಸರು ‘ಊರಂಚು’. ವಿಜಯಪುರದ ಹೊರಗಿನ ಹೊಸ ಬಡಾವಣೆಗಳು, ಇಟ್ಟಂಗಿಹಾಳ, ನಮ್ಮ ತಿಕೋಟಾ, ಬಬಲೇಶ್ವರ, ಕಾಖಂಡಕಿ ತನಕ ನನ್ನದೇ ರಾಜ್ಯ. ದೊಡ್ಡ ಪತ್ರಿಕೆಗಳಿಗೆ ಗಾಂಧಿ ಚೌಕ ದಾಟಿದರೆ ಊರು ಮುಗಿಯಿತು. ನನ್ನದು ಅಲ್ಲಿಂದಲೇ ಶುರು.

ಕಾಲೇಜಿನ ಬಸ್ಸಿಗೆ ಕಾಯುತ್ತ ತಿಕೋಟಾ ಬಸ್ ಸ್ಟ್ಯಾಂಡಿನ ಎದುರು ನಿನ್ನ ಸೈಕಲ್ ಅಂಗಡಿಯಲ್ಲಿ ಕೂರುತ್ತಿದ್ದೆನಲ್ಲ. ಬಾಗಿಲಿಗೆ ತೂಗುಹಾಕಿದ್ದ ಕರಿ ಹಲಗೆಯ ಮೇಲೆ ದಿನಾ ಮುಂಜಾನೆ ಊರ ಸುದ್ದಿ: ಯಾವ ಬಸ್ಸು ಇಲ್ಲ, ಯಾರ ಆಡು ತಪ್ಪಿಸಿಕೊಂಡಿದೆ, ಯಾರ ಮನೆಯಲ್ಲಿ ಮದುವೆ. ನಿನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಹಾಗಾಗಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಒಮ್ಮೆ ಬಸ್ಸಿನ ವೇಳೆ ತಪ್ಪಿ ಬರೆದೆ, ಅರಿವೆಯಿಂದ ಒರೆಸಲು ಹೋದೆ. ನೀನು ತಡೆದೆ. “ಒರಸಬ್ಯಾಡ ಬೇ. ಗೀಟ ಎಳಿ, ಬಾಜೂಕ ಖರೇದ್ದು ಬರಿ. ತಪ್ಪು ಓದಿ ಹೋದವ್ರು ತಿರಗಿ ಬಂದಾಗ ಅವ್ರಿಗೆ ಕಾಣಬೇಕು.” ಸಂಜೆಯವರೆಗೆ ನನ್ನ ತಪ್ಪು ಇಡೀ ಊರಿಗೆ ಕಾಣುತ್ತ ನೇತಾಡಿತು. ಎಷ್ಟು ಸಿಟ್ಟು ಬಂದಿತ್ತು ನಿನ್ನ ಮೇಲೆ! ಎರಡು ದಿನ ಮಾತು ಬಿಟ್ಟೆ. ನಿನಗದು ಗೊತ್ತೇ ಆಗಲಿಲ್ಲ.

ಪತ್ರಿಕೆ ತೆಗೆದ ಹೊಸತರಲ್ಲಿ ರಾಜಕೀಯ, ರಸ್ತೆ, ಅಭಿವೃದ್ಧಿ ಎಂದು ಉದ್ದುದ್ದ ಬರೆದೆ. ಓದಿದವರು ನಾನು ಮತ್ತು ನನ್ನ ಗಂಡ. ಅವರೂ ಅರ್ಧಕ್ಕೇ ಬಿಟ್ಟರು. ಜನ ಕೇಳಿದ್ದು ಒಂದೇ ಮಾತು, ನಳ ಯಾವತ್ತು ಬರುತ್ತದೆ? ನಮ್ಮ ಹೊರವಲಯದ ಓಣಿಗಳಿಗೆ ನೀರು ದಿನಾ ಬರುವುದಿಲ್ಲ, ಸರದಿಯ ಮೇಲೆ ಬರುತ್ತದೆ. ನೀರು ಬಿಡುವವನನ್ನು ಕೇಳಿ ದಿನಾ ಮುಂಜಾನೆ ಅದನ್ನು ಹಾಕತೊಡಗಿದೆ. ಆಮೇಲೆ ನೋಡು, ರೊಟ್ಟಿ ಬಡಿಯುವವರ ಪಕ್ಕದಲ್ಲೂ ‘ಊರಂಚು’.

ಒಂದು ಬುಧವಾರ ನೀರು ಬಿಡುವವನ ಫೋನು ಹತ್ತಲಿಲ್ಲ. ಸರದಿ ನನಗೆ ಬಾಯಿಪಾಠ, ಕೇಳುವುದೇನು ಎಂಬ ಸೊಕ್ಕು ಬೇರೆ. ಇಟ್ಟಂಗಿಹಾಳ ರಸ್ತೆಯ ಓಣಿಗೆ ನಾಳೆ ನಳ ಎಂದು ಬರೆದೇಬಿಟ್ಟೆ. ನಮ್ಮ ಹೆಂಗಸರು ನಿನಗೆ ಗೊತ್ತಲ್ಲ. ನಾಳೆ ನಳ ಎಂದರೆ ಇವತ್ತೇ ಹಳೇ ನೀರು ಗಿಡಕ್ಕೆ ಸುರಿದು, ಕೊಡ, ಹಂಡೆ, ಡ್ರಮ್ಮು ತಿಕ್ಕಿ ಬೋರಲು ಹಾಕುತ್ತಾರೆ. ಇಡೀ ಓಣಿ ಹಾಗೇ ಮಾಡಿತು. ಗುರುವಾರ ನಳ ಬರಲಿಲ್ಲ. ಪೈಪಿನ ದುರಸ್ತಿಗೆಂದು ಸರದಿ ಶನಿವಾರಕ್ಕೆ ಹೋಗಿತ್ತಂತೆ. ಶುಕ್ರವಾರ ಅದೇ ಓಣಿಯ ಗಂಗವ್ವನ ಮಗಳ ಕುಬಸ. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ದಿನ, ಮನೆ ತುಂಬ ಬೀಗರು, ತೊಟ್ಟು ನೀರಿಲ್ಲ.

ಗುರುವಾರ ನಳ ಬಾರದ ಸುದ್ದಿ ತಿಳಿದ ಕೂಡಲೇ ನಾನು ಮಾಡಿದ ಕೆಲಸ ಏನು ಗೊತ್ತೇ? ಒರೆಸಿಬಿಟ್ಟೆ, ಕಾಕಾ. ಮೊಬೈಲಿನಲ್ಲಿ ಒಂದು ಬೆರಳು ಸಾಕು, ಬರೆದೇ ಇರಲಿಲ್ಲ ಎಂಬಂತೆ. ಅರ್ಧ ತಾಸಿಗೆ ಗಂಗವ್ವ ಬಾಗಿಲಲ್ಲಿ ನಿಂತಿದ್ದಳು. ಓಣಿಗೆಲ್ಲ ನನ್ನ ಪತ್ರಿಕೆ ಓದಿ ಹೇಳುವವಳೇ ಅವಳು. ಹುಡುಕಿದರೆ ಈಗ ಸುದ್ದಿಯೇ ಇಲ್ಲ, ಇವಳೇ ಏನೋ ತಪ್ಪು ಓದಿ ನೀರೆಲ್ಲ ಚೆಲ್ಲಿಸಿದಳು ಎಂದು ಎಲ್ಲರೂ ಅವಳನ್ನೇ ಹರಿದು ತಿಂದಿದ್ದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಫೋನು ಮುಂದೆ ಹಿಡಿದು ಮೆಲ್ಲಗೆ ಕೇಳಿದಳು. “ನಿನ್ನಿ ಇದರಾಗ ನಾನ ಓದೀನಿ. ಈಗ ಇಲ್ಲ. ನನ್ನ ತಲಿ ಕೆಟ್ಟೈತೇನ, ಸವಿತಾ?”

ನನಗೆ ನಾಚಿಕೆಯಾಯಿತು, ಕಾಕಾ. ನೀನು ಎದುರಿಗಿದ್ದರೆ...

ಅವಳನ್ನು ಪಕ್ಕದಲ್ಲೇ ಕೂರಿಸಿಕೊಂಡು ಒರೆಸಿದ್ದನ್ನು ಮತ್ತೆ ಹಾಕಿದೆ. ಅದರ ಮೇಲೆ ಅಡ್ಡ ಗೀಟು ಎಳೆದೆ. ಕೆಳಗೆ ಬರೆದೆ: ‘ಕೇಳದೆ ಬರೆದವಳು ನಾನು. ಆಮೇಲೆ ಕದ್ದು ಒರೆಸಿದವಳೂ ನಾನೇ. ಗಂಗವ್ವ ಸರಿಯಾಗಿಯೇ ಓದಿದ್ದಾಳೆ. ನಳ ಶನಿವಾರ. ನಾಳೆ ಅವರ ಮನೆಯಲ್ಲಿ ಕುಬಸ, ನೀರಿಲ್ಲ.’ ದಿನವಿಡೀ ಎಲ್ಲ ಸುದ್ದಿಗಿಂತ ಮೇಲೆ ಅದೇ ಇತ್ತು. ಇನ್ನು ನನ್ನನ್ನು ಯಾರು ನಂಬುತ್ತಾರೆ, ಅಂಗಡಿ ಮುಚ್ಚುವುದೇ ಸೈ ಎಂದುಕೊಂಡೆ.

ಮಧ್ಯಾಹ್ನ ತಿಕೋಟಾದ ದ್ರಾಕ್ಷಿ ತೋಟದವರೊಬ್ಬರು ಫೋನ್ ಮಾಡಿದರು, ಮುಖ ಕಂಡವರಲ್ಲ. “ಅಕ್ಕಾರ, ಕುಡಿಯೂ ನೀರಿನ ಟ್ಯಾಂಕರ್ ಐತ್ರಿ. ಕಳಸಲ್ಯಾ?” ಸಂಜೆಯೊಳಗೆ ಟ್ರ್ಯಾಕ್ಟರ್ ಬಂತು. ಅದರ ಹಿಂದೆಯೇ ಬಬಲೇಶ್ವರದಿಂದ ಇನ್ನೊಂದು! ಓಣಿಯವರೆಲ್ಲ ಬೋರಲು ಹಾಕಿದ್ದ ಡ್ರಮ್ಮು ಎತ್ತಿಟ್ಟು ತುಂಬಿಕೊಂಡರು, ನನ್ನನ್ನು ಬೈಯುತ್ತ, ನಗುತ್ತ. ಕುಬಸದ ದಿನ ಗಂಗವ್ವ ಒಂದು ಕೈಯಲ್ಲಿ ಶೇಂಗಾ ಹೋಳಿಗೆ ಬಡಿಸಿದಳು, ಇನ್ನೊಂದು ಕೈಯಲ್ಲಿ ಫೋನು ಹಿಡಿದು ತನ್ನ ಹೆಸರಿದ್ದ ಸಾಲನ್ನು ಬೀಗರಿಗೆಲ್ಲ ಓದಿಸಿದಳು. ನನಗಾದ ಸಂತೋಷ ಹೇಳತೀರದು. ನೀನಿದ್ದರೆ ಸಕ್ಕರೆ ಕಾಯಿಲೆ ಮರೆತು ಮೂರು ಹೋಳಿಗೆ ಹೊಡೆಯುತ್ತಿದ್ದೆ.

ಮೊನ್ನೆ ಮುಂಜಾನೆ ಮತ್ತೆ ಗಂಗವ್ವನ ಫೋನು. ಮಗಳಿಗೆ ಹೆರಿಗೆಯಾಗಿದೆ, ಹೆಣ್ಣು ಕೂಸು. ಓಣಿಯವರಿಗೆ ಹೇಳಿದೆಯಾ ಎಂದು ಕೇಳಿದೆ. “ಹೇಳೀನಿ ಬೇ. ಸವಿತಾ ಬರದಾಳೇನು ಅಂತ ನನ್ನ ಕೇಳಾಕತ್ತಾರ. ನೀ ಬರಿಯೂತನಕ ಇಲ್ಲೆ ಯಾರೂ ಖರೇ ಅನ್ನೂದಿಲ್ಲ. ಲಗೂನ ಬರಿ.”

ಬರೆಯಲಿಲ್ಲ, ಕಾಕಾ. ಮೊದಲು ಗಾಡಿ ತೆಗೆದುಕೊಂಡು ಆಸ್ಪತ್ರೆಗೆ ಹೋದೆ. ತಾಯಿಯನ್ನು ಕೇಳಿದೆ, ಅಜ್ಜಿಯನ್ನು ಕೇಳಿದೆ, ನರ್ಸನ್ನೂ ಕೇಳಿದೆ. ಕೂಸು ಮಲಗಿತ್ತು, ಅದನ್ನೊಂದು ಕೇಳಲಿಲ್ಲ. ಆಮೇಲೆ ಅಲ್ಲೇ ಕಾರಿಡಾರಿನಲ್ಲಿ ನಿಂತು ಬರೆದೆ. ಹೆಣ್ಣು ಕೂಸು, ತಾಯಿ ಮಗಳು ಇಬ್ಬರೂ ಆರಾಮ.

ನಾನೇ ನೋಡಿ ಬಂದಿದ್ದೇನೆ, ನಂಬು.

ನಿನ್ನ ಸವಿತಾ