ನೇಪಾಳದಲ್ಲಿ ಸೊಂಟದೆತ್ತರಕ್ಕೆ ಬಿಟ್ಟುಬಂದ ಗೋಡೆ

ನನ್ನ ಬೆಂಚಿನ ಗೆಳತಿ ಶಮೀಮಳಿಗೆ,

ಎರಡು ವರ್ಷ ಆದಮೇಲೆ ಬರೀತಿದ್ದೀನಿ. ಬೈಕೋಬೇಡ. ನನಗೆ ಒಳಗೆ ಏನೂ ಅನ್ನಿಸ್ತಾನೇ ಇರಲಿಲ್ಲ ಕಣೇ. ನೀನು ಹೋದ ದಿನ ಮಣ್ಣು ಮುಗಿದಮೇಲೆ ನೊಣವಿನಕೆರೆಗೆ, ನಮ್ಮನೆಗೆ ಬಂದು ಮುದ್ದೆ ಉಂಡೆ. ಇನ್ನೊಂದು ಸಲ ಸಾರು ಹಾಕಿಸ್ಕೊಂಡೆ. ಅವ್ವ ನನ್ನ ಮುಖ ನೋಡಿ ಹೆದರಿಕೊಂಡಳು. ನಾನು ಯಾಕೆ ಅಳಲಿಲ್ಲ?

ಗೈಡ್ಸ್ ಮಿಸ್ಸು ನಮ್ಮಿಬ್ಬರ ಹೆಸರು ಬರ್ಕೊಂಡ ದಿನ ನೆನಪಿದೆಯಾ? ನೇಪಾಳದಲ್ಲಿ ಗುಡ್ಡ ಕುಸಿದು ಒಂದು ಹಳ್ಳಿ ಶಾಲೆ ಬಿದ್ದಿದೆ, ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿದ ಮಕ್ಕಳು ಹೋಗಿ ಕಟ್ಟೋಕೆ ಕೈ ಹಾಕಬೇಕು ಅಂದಿದ್ರು. ತಿಪಟೂರು ಪೇಟೆಯ ನಿಮ್ಮಬ್ಬನ ಟೈಲರ್ ಅಂಗಡಿಗೆ ಇಬ್ಬರೂ ಓಡಿದ್ವಿ. "ಹೆಣ್ಣುಮಗು, ಪರದೇಶ. ಆಗಲ್ಲ ಬುಡಮ್ಮ," ಅಂದ್ರು. ನಾನೇ ಮುಂದೆ ಹೋಗಿ, "ನಾನಿರ್ತೀನಲ್ಲ ಸಾಬ್ರೇ, ನಾನು ನೋಡ್ಕೋತೀನಿ," ಅಂದೆ. ನನ್ನ ಮಾತಿನ ಮೇಲೇ ಅವರು ಸಹಿ ಹಾಕಿದ್ದು.

ಆ ಬೆಟ್ಟದ ಮಕ್ಕಳು ತೆಂಗಿನಕಾಯಿಯನ್ನೇ ನೋಡಿರಲಿಲ್ಲ. ನೀನು ಚೀಲದಿಂದ ಒಂದು ತೆಗೆದು ಕಲ್ಲಿಗೆ ಹೊಡೆದಾಗ ಎಲ್ಲ ಹಿಂದಕ್ಕೆ ಓಡಿದವು. ಆಮೇಲೆ ಒಂದೊಂದು ಚೂರಿಗೆ ಕೈ ಚಾಚಿಕೊಂಡು ಬಂದವು. ನಾವಿಬ್ಬರೂ ಇಡೀ ದಿನ ಸಾಲಲ್ಲಿ ನಿಂತು ಕಲ್ಲು ದಾಟಿಸ್ತಿದ್ವಿ. ಅಂಗೈ ಸುಲಿದು ಹೋಗಿತ್ತು. ನೀನು ನಗ್ತಾನೇ ಇದ್ದೆ.

ನಿನಗೆ ಜ್ವರ ಬಂದ ಬೆಳಿಗ್ಗೆ ನಿನ್ನ ಕೈ ಮುಟ್ಟಿದೆ, ಸುಡ್ತಿತ್ತು. "ಮಿಸ್ಸಿಗೆ ಹೇಳಬೇಡ ಕಣೇ, ವಾಪಸ್ ಕಳಿಸಿಬಿಡ್ತಾರೆ. ಗೋಡೆ ಏಳೋದು ನೋಡ್ಬೇಕು," ಅಂದೆ ನೀನು. ನಾನು ಹೇಳಲಿಲ್ಲ. ಎರಡು ದಿನ. ಮೂರನೇ ದಿನ ನೀನು ಕಲ್ಲು ಹಿಡಿದುಕೊಂಡೇ ಕುಸಿದು ಕೂತೆ. ಆ ಎರಡು ದಿನ ಮೊದಲೇ ಹೇಳಿದ್ದಿದ್ರೆ...

ಮಿಸ್ಸು ನಮ್ಮನ್ನ ವಾಪಸ್ ಕರ್ಕೊಂಡು ಬಂದಾಗ ತಿಪಟೂರು ಸ್ಟೇಷನ್ನಿನಲ್ಲಿ ನಿಮ್ಮಬ್ಬ ನಿನ್ನನ್ನ ಹೆಗಲ ಮೇಲೆ ಹಾಕಿಕೊಂಡು ಹೋದರು. ಟೈಫಾಯ್ಡು ಅಂದ್ರು. ಒಂಬತ್ತನೇ ದಿನಕ್ಕೆ ಮುಗೀತು. ತಿಂಗಳಾದಮೇಲೆ ಪೇಪರಿನಲ್ಲಿ ರಿಸಲ್ಟ್ ಬಂತು. ನನ್ನ ನಂಬರಿಗಿಂತ ಮುಂಚೆ ನಿನ್ನದು ಹುಡುಕಿದೆ. ಫಸ್ಟ್ ಕ್ಲಾಸ್ ಕಣೇ ನೀನು. ಪೇಪರ್ ಮಡಿಸಿಟ್ಟು ದನಕ್ಕೆ ನೀರು ಇಡೋಕೆ ಹೋದೆ.

ಹೋದ ಭಾನುವಾರ ನಿಮ್ಮ ಅಂಗಡಿಗೆ ಹೋಗಿದ್ದೆ. ಅಲ್ಲಿವರೆಗೂ ಆ ಬೀದಿ ತಪ್ಪಿಸಿ, ಸುತ್ತು ಹಾಕ್ಕೊಂಡೇ ಕಾಲೇಜಿಗೆ ಹೋಗ್ತಿದ್ದೆ. ನಿಂತುಕೊಂಡೇ ಹೇಳಿಬಿಟ್ಟೆ, "ಅವಳಿಗೆ ಜ್ವರ ಅಂತ ನನಗೆ ಮೊದಲೇ ಗೊತ್ತಿತ್ತು ಸಾಬ್ರೇ. ಎರಡು ದಿನ ಮುಚ್ಚಿಟ್ಟೆ."

ಮೆಷಿನ್ನು ನಿಂತಿತು. "ಹೇಳ್ಬೇಕಿತ್ತು," ಅಂದ್ರು. ಅಷ್ಟೇ. ನಾನು ಹೊರಡೋಕೆ ತಿರುಗಿದೆ.

"ಕೂತ್ಕೋ. ಅಲ್ಲಿ ಏನು ಕೆಲಸ ಮಾಡಿದ್ರಿ ನೀವು?"

ಯಾರೂ ಅವರಿಗೆ ಹೇಳೇ ಇರಲಿಲ್ಲ, ಶಮೀಮ್. ಎಲ್ಲರೂ ಬರೀ ಕಾಯಿಲೆ ವಿಷಯ ಮಾತಾಡಿದ್ರು. ನಾನು ಕಲ್ಲಿನ ಸಾಲು ಹೇಳಿದೆ, ತೆಂಗಿನಕಾಯಿ ಹೇಳಿದೆ. ಊಟದ ಬಿಡುವಿನಲ್ಲಿ ನೀನು ಮಕ್ಕಳ ಅಂಗಿಗೆ ಗುಂಡಿ ಹಾಕ್ತಿದ್ದೆ, ಕೆಂಪು ದಾರದಲ್ಲಿ ಅಂತ ಹೇಳಿದೆ.

"ಕೆಂಪಾ?" ಅಂದ್ರು. "ಅದೊಂದು ಉಂಡೆ ಎಲ್ಲಿ ಹೋಯ್ತು ಅಂತ ಅಂಗಡಿಯೆಲ್ಲಾ ಹುಡುಕಿದ್ದೆ." ನಕ್ಕರು. ನಗ್ತಾ ನಗ್ತಾ ಮುಖಕ್ಕೆ ಬಟ್ಟೆ ಒತ್ತಿಕೊಂಡ್ರು. ನಾನು ನೋಡ್ತಾ ಕೂತೆ. ಆಗಲೂ ನನಗೆ ಅಳು ಬರಲಿಲ್ಲ.

"ಶಾಲೆ ಮುಗೀತಾ?"

ಗೊತ್ತಿಲ್ಲ ಅಂದೆ. ನಾವು ಹೊರಟಾಗ ಗೋಡೆ ಸೊಂಟದೆತ್ತರ ಇತ್ತು. ಅವರು "ನಿನಗೆ ರಜೆ ಯಾವಾಗ?" ಅಂತ ಕೇಳಿದ್ರು. ಏಪ್ರಿಲ್‌ನಲ್ಲಿ ಅಂದೆ.

"ನನಗೆ ತುಮಕೂರಿನಿಂದಾಚೆ ದಾರಿ ಗೊತ್ತಿಲ್ಲ. ನಿನಗೆ ಗೊತ್ತಲ್ಲ."

ನಮ್ಮಪ್ಪನ ಹತ್ತಿರ ಅವರೇ ಬಂದು ಮಾತಾಡಿದ್ರು. ಅಪ್ಪನೂ ಬತ್ತೀನಿ ಅಂದಿದ್ದಾರೆ. ಏಪ್ರಿಲ್‌ನಲ್ಲಿ ನಾವು ಮೂವರೂ ನೇಪಾಳಕ್ಕೆ ಹೊರಡ್ತೀವಿ ಕಣೇ.

ಗಿರಿಜಾ