ದೆವ್ವ ಬಿಟ್ಟ ನಳ

೧೯ ಏಪ್ರಿಲ್ ೨೦೧೬, ಮಂಗಳವಾರ. ಔರಾದ.

ಇವತ್ತೂ ನೀರಿನ ಟ್ಯಾಂಕರ್ ಬರಲಿಲ್ಲ. ಓಣಿಯ ಅರ್ಧ ಮಂದಿ ಕೆಲಸ ಹುಡುಕಿ ಪುಣೆಗೆ ಹೋಗಿದ್ದಾರೆ. ಉಳಿದವರೆಲ್ಲ ಟಿವಿಯಲ್ಲಿ ಆಸ್ಪತ್ರೆ ದೆವ್ವದ ಹೊಸ ಧಾರಾವಾಹಿ ನೋಡಲು ನಮ್ಮ ಮನೆಯಲ್ಲಿ. ಟ್ಯಾಂಕರ್ ಸದ್ದಾದರೆ ಓಡಬೇಕಲ್ಲ, ಎಲ್ಲರ ಪಕ್ಕದಲ್ಲೂ ಖಾಲಿ ಕೊಡ.

ಧಾರಾವಾಹಿಯಲ್ಲಿ ಸತ್ತ ನರ್ಸು ದೆವ್ವವಾಗಿ ಬಂದು ವಾರ್ಡಿನ ನಳ ತಿರುಗಿಸಿದಳು. ನಾನೂ ನರ್ಸೇ, ಆದರೂ ಹೆದರಿ ಕಣ್ಣು ಮುಚ್ಚಿಕೊಂಡೆ. ನೀರು ಧೋ ಎಂದು ಸುರಿಯಿತು. ಪಕ್ಕದ ಮನೆಯ ಸುಭದ್ರಾಬಾಯಿ ಎದ್ದು ನಿಂತು ದೆವ್ವಕ್ಕೇ ಬೈದರು: “ಏ ಹುಚ್ಚಿ, ಮೊದ್ಲ ನಳ ಬಂದ್ ಮಾಡ!”

ಆಮೇಲೆ ಯಾರೂ ಹೆದರಲಿಲ್ಲ. “ದವಾಖಾನಿದಾಗ ಇಷ್ಟು ನೀರು? ಸುಳ್ಳರಿ,” ಎಂದ ಎದುರು ಮನೆಯ ಹಾವಗೆಪ್ಪ. ದೆವ್ವದ ಬಗ್ಗೆ ಅವನದೇನೂ ತಕರಾರಿಲ್ಲ.

ಹೊರಡುವಾಗ ಸುಭದ್ರಾಬಾಯಿ ಕೊಡ ಸೊಂಟಕ್ಕಿಟ್ಟುಕೊಂಡು ಕೇಳಿದರು: “ಸಿಸ್ಟರ್, ಆ ದವಾಖಾನಿಗಿ ಇಲ್ಲಿಂದ ಬಸ್ ಅದ ಏನ್ರಿ?”

ನಕ್ಕುಬಿಟ್ಟೆ. ಈಗ ನಗು ಬರುತ್ತಿಲ್ಲ. ಆ ದೆವ್ವದ ನರ್ಸೇನಾದರೂ ನೀರಿಲ್ಲದ ನಮ್ಮ ಆಸ್ಪತ್ರೆಗೆ ವರ್ಗವಾಗಿ ಬಂದರೆ, ನಾನೇ ಬಾಗಿಲು ತೆಗೆದು, ಕೊಡ ಹಿಡಿದು…